ಪಟಾಕಿ ಪಡೆಯ ಕಾಡಿಗೆ

ನಮ್ಮೂರಲ್ಲಿ ಕಾಮಿಕ್ಸಿನವರಿಗೆ ಮನೆ ಬಾಡಿಗೆಗೆ ಕೊಡುವುದಿಲ್ಲ ಎನ್ನುವವರು ಯಾರೂ ಇಲ್ಲ. ಬಾಗಿಲು ಮಾತ್ರ ಎತ್ತರ ಇರಬೇಕು. ಅವರು ಮಾತಾಡಿದರೆ ತಲೆಯ ಮೇಲೆ ಬಿಳಿ ಗುಳ್ಳೆ ಏಳುತ್ತದೆ, ಗುಳ್ಳೆಯೊಳಗೆ ಅಕ್ಷರ ಮೂಡುತ್ತದೆ, ನಾವು ಓದಿ ಮುಗಿಸುವ ಹೊತ್ತಿಗೆ ಪಟ್ಟೆಂದು ಒಡೆಯುತ್ತದೆ. ಗಿಡ್ಡ ಬಾಗಿಲಿನ ಮನೆಗಳಲ್ಲಿ ಗುಳ್ಳೆ ಚೌಕಟ್ಟಿಗೆ ಸಿಕ್ಕಿಕೊಂಡು, ಅರ್ಧ ಮಾತು ಒಳಗೆ ಅರ್ಧ ಮಾತು ಹೊರಗೆ ಉಳಿದು ಜಗಳ ಹುಟ್ಟಿದ್ದುಂಟು. ಬಸ್ಸಿನಲ್ಲಿ ಅವರಿಗೆ ಕಿಟಕಿ ಪಕ್ಕದ ಸೀಟು, ಟಾಕೀಜಿನಲ್ಲಿ ಕಟ್ಟಕಡೆಯ ಸಾಲು. ಯಾವುದಾದರೂ ಕಾಮಿಕ್ಸಿನ ಕೊನೆಯ ಪ್ರತಿಯನ್ನು ಎಲ್ಲೋ ಗೆದ್ದಲು ತಿಂದು ಮುಗಿಸಿತೆಂದರೆ, ಅದರಲ್ಲಿದ್ದವರು ನಮ್ಮೂರಿಗೆ ಮುಂಜಾನೆಯ ಬಸ್ಸಿನಲ್ಲಿ ಬಂದಿಳಿಯುತ್ತಾರೆ. ಊರು ಅವರಿಗೆ ಚಹಾ ಕುಡಿಸುತ್ತದೆ, ಒಂದು ಕೆಲಸ ಹುಡುಕಿಕೊಡುತ್ತದೆ. ಬಣ್ಣ ಮಾಸಿದಾಗ ನನ್ನ ಅಂಗಡಿಗೆ ದಾರಿ ತೋರಿಸುತ್ತದೆ.

ನಾನು ಕಸ್ತೂರಿ, ಬೋರ್ಡು ಬರೆಯುವವಳು. ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಊರೆಲ್ಲ ಹೇಳುತ್ತದೆ. ಬೇಗ ಬರುವುದೇನು, ಅದು ಹೋಗಿದ್ದರೆ ತಾನೇ ಬರುವುದು? ಕಾಮಿಕ್ಸಿನವರು ಅಗ್ಗದ ಕಾಗದದಿಂದ ಬಂದವರು, ಬಿಸಿಲಿಗೆ ಅವರ ಬಣ್ಣ ಹಾರುತ್ತದೆ. ಯುಗಾದಿ ಮುಗಿಯುತ್ತಲೇ ನನ್ನ ಅಂಗಡಿಯ ಮುಂದೆ ಸಾಲು ಹಚ್ಚುತ್ತಾರೆ. ನಾನು ಮೊದಲು ಚುಕ್ಕಿ ಚುಕ್ಕಿಯಾಗಿ ಬಣ್ಣ ತುಂಬಿ, ಆಮೇಲೆ ಹಳೆಯ ಕಪ್ಪು ಗೆರೆಯ ಮೇಲೆಯೇ ಹೊಸ ಗೆರೆ ಎಳೆಯುತ್ತೇನೆ. ಹಳೆಯ ಗೆರೆಯನ್ನು ಮಾತ್ರ ಅಳಿಸಬಾರದು. ಅವರಿಗೆ ಗೆರೆಯೇ ಚರ್ಮ. ಅದು ಹೋದರೆ ಒಳಗಿನ ಬಣ್ಣವೆಲ್ಲ ಹರಿದು ಹೋಗುತ್ತದೆ. ನನಗಿಂತ ಮುಂಚೆ ಇದ್ದ ಪೇಂಟರ್ ಒಬ್ಬ, ಮೀಸೆ ಸಣ್ಣಗೆ ಮಾಡಿಕೊಡು ಎಂದು ಬಂದ ಹವಾಲ್ದಾರನ ಗೆರೆ ಒರೆಸಲು ಹೋಗಿ, ಸಂಜೆಗೆ ಹವಾಲ್ದಾರನನ್ನು ಬಕೆಟ್ಟಿನಲ್ಲಿ ಮನೆಗೆ ಕಳಿಸಿದ.

ಪಟಾಕಿ ಪಡೆ ಬಂದಿಳಿದಾಗ ನಾನಿನ್ನೂ ಪರಕಾರ ಉಡುವ ಹುಡುಗಿ. ಯಾವುದೋ ಮಹಾಯುದ್ಧದ ಕಾಲದಲ್ಲಿ ಅಚ್ಚಾದ ಕಾಮಿಕ್ಸು ಅದು. ದೊಡ್ಡ ದೊಡ್ಡ ಸೇನಾಪತಿಗಳೆಲ್ಲ ಕೈಚೆಲ್ಲಿ ಕೂತಾಗ ಹುಡುಗರ ಒಂದು ಗುಂಪು ವೈರಿಗಳ ವಿಮಾನ ಕದಿಯುತ್ತದೆ, ಬಾಂಬನ್ನು ಚೆಂಡಿನ ಹಾಗೆ ವಾಪಸ್ಸು ಒದೆಯುತ್ತದೆ, ಕೊನೆಯ ಪುಟದಲ್ಲಿ ಪದಕ ಹಾಕಿಸಿಕೊಳ್ಳುತ್ತದೆ. ಪಡೆಯ ಮುಖ್ಯಸ್ಥ ಕ್ಯಾಪ್ಟನ್ ಚೂಟಿ. ಕೆನ್ನೆ ಗುಲಾಬಿ, ಹಣೆಯ ಮೇಲೆ ಒಂದೇ ಒಂದು ಗುಂಗುರು ಕೂದಲು. ಇವತ್ತಿಗೂ ಹನ್ನೆರಡೇ ವರ್ಷ ಅವನಿಗೆ. ಅವನ ಪಡೆಯ ಉಳಿದ ಹುಡುಗರು ಶಾಲೆಯ ಫುಟ್‌ಬಾಲ್ ಟೀಮು ಸೇರಿದ್ದಾರೆ. ಅವರು ಎಂದೂ ದೊಡ್ಡವರಾಗುವುದಿಲ್ಲವಾದ್ದರಿಂದ ಪಂದ್ಯದ ಟ್ರೋಫಿ ನಮ್ಮೂರು ಬಿಟ್ಟು ಹೋಗುವುದಿಲ್ಲ.

ಅವರ ಜೊತೆ ಇಳಿದವನು ಕಾಡಿಗೆ. ಕಣ್ಣಿಗೆ ಹಚ್ಚುವ ಕಾಡಿಗೆ, ಪುಸ್ತಕದಲ್ಲಿ ಇಟ್ಟ ಹೆಸರೇ ಅದು. ದೂರದ ಯಾವುದೋ ದ್ವೀಪದಿಂದ ಪಡೆಯ ಸಾಮಾನು ಹೊರಲು ಕರೆತಂದ ಆಳು. ಅವನನ್ನು ಬರೆದ ಚಿತ್ರಕಾರ ಅಂಥ ಒಬ್ಬ ಮನುಷ್ಯನನ್ನು ಜನ್ಮದಲ್ಲಿ ಕಂಡವನಲ್ಲ. ಮಸಿಕುಡಿಕೆಯಲ್ಲಿ ಅದ್ದಿ ತೆಗೆದ ಹಾಗೆ ಬಣ್ಣ, ಎರಡು ಕೆಂಪು ಬಲೂನು ಕಟ್ಟಿದ ಹಾಗೆ ತುಟಿ, ತಟ್ಟೆಯಷ್ಟು ಅಗಲದ ಬಿಳಿ ಕಣ್ಣು. ಗುಡುಗಿಗೆ ಹೆದರಬೇಕು, ನೆರಳಿಗೆ ಹೆದರಬೇಕು, ಹುಡುಗರು ನಗಬೇಕು. ಮಾತೂ ಹಾಗೆಯೇ. ಅವನು ಏನು ಹೇಳಲು ಹೋದರೂ ಗುಳ್ಳೆಯಲ್ಲಿ ಬರುವುದು ಒಂದೇ ಥರ: "ನಾನು ಬಾರೋದು ದಣೀ! ನಾನು ಹೆದರೋದು!" ಅವರು ಬಂದಿಳಿಯುವ ಮುಂಚೆ, ಪ್ರತಿಗಳಿನ್ನೂ ಸಿಗುತ್ತಿದ್ದಾಗ, ಆ ಪುಸ್ತಕವನ್ನು ನಾವೂ ಕೊಂಡು ಓದಿದ್ದೆವು, ಬಿದ್ದು ಬಿದ್ದು ನಕ್ಕಿದ್ದೆವು. ಕರ್ರಗಿದ್ದ ಹುಡುಗಿಯಾಗಿ ನಾನೂ ನಕ್ಕೆ. ಮರುದಿನ ಶಾಲೆಯಲ್ಲಿ ಹುಡುಗರು ನನ್ನನ್ನೇ 'ಕಾಡಿಗೆ' ಎಂದು ಕರೆದಾಗ ಒಬ್ಬನ ಪಾಟಿ ಅವನ ತಲೆಯ ಮೇಲೆಯೇ ಒಡೆದೆ. ಅಲ್ಲಿಂದ ಶುರುವಾದ ಸಿಟ್ಟು ಇದು.

ಪುಸ್ತಕದ ವೈರಿಯೂ ಅದೇ ಬಸ್ಸಿಗೆ ಬಂದಿದ್ದ. ಹಳದಿ ಹಲ್ಲಿ ಎಂದು ಅವನ ಹೆಸರು. ಅರಿಸಿನದ ಬಣ್ಣ ಬಳಿದು, ಮೊಲದ ಹಲ್ಲು ಕೂರಿಸಿ, ದಪ್ಪ ಕನ್ನಡಕ ಹಾಕಿಬಿಟ್ಟರೆ ಒಂದು ದೇಶಕ್ಕೆ ದೇಶವೇ ಗೂಢಚಾರರದು ಎಂದು ಆ ಕಾಲದಲ್ಲಿ ನಂಬಿಸಿದ್ದರು. ಈಗ ಬಸ್‌ಸ್ಟ್ಯಾಂಡಿನ ಎದುರು ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ಬಲು ಸಂಭಾವಿತ. ಆದರೆ ಅವನ ಪ್ರತಿ ಮಾತಿನ ಮುಂದೆಯೂ "ಹಿ ಹಿ ಹಿ!" ಎಂದು ಬರುವಂತೆ ಬರೆದಿಟ್ಟಿದ್ದಾರೆ. ಸಾವಿನ ಮನೆಗೆ ಹೋಗಿ "ಹಿ ಹಿ ಹಿ! ದೊಡ್ಡ ಮನುಷ್ಯ ಹೋದರು!" ಎನ್ನುತ್ತಾನೆ. ಊರಿಗೆ ರೂಢಿಯಾಗಿದೆ, ಮುಂದಿನದನ್ನಷ್ಟೇ ಓದುತ್ತೇವೆ. ಶುಕ್ರವಾರ ಶುಕ್ರವಾರ ಕ್ಯಾಪ್ಟನ್ ಚೂಟಿ ಬಂದು ಅವನನ್ನು ಬಂಧಿಸುತ್ತಾನೆ. ಹಲ್ಲಿಯಣ್ಣ ಪಂಕ್ಚರ್ ಹಚ್ಚುವುದನ್ನು ಬಿಟ್ಟು ಎದ್ದು, ಕೈ ಮೇಲೆತ್ತಿ, ಬಂಧನ ಮುಗಿದ ಮೇಲೆ ಮತ್ತೆ ಕೂತು ಗಾಳಿ ಹೊಡೆಯುತ್ತಾನೆ.

ಕಾಡಿಗೆಗೆ ಕೆಲಸ ಸಿಕ್ಕಿದ್ದು ತಾರಾಬಾಯಿಯ ಗಾಡಿಯಲ್ಲಿ. ಗಿರಮಿಟ್ಟು, ಮಿರ್ಚಿ ಮಾರುವವಳು ತಾರಾಬಾಯಿ. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು, ಬಾಣಲೆಯನ್ನೂ ಊರನ್ನೂ ಒಬ್ಬಳೇ ಎದುರಿಸಿದ ಹೆಂಗಸು. ಕಾಡಿಗೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದ, ಅವಳು ಹಿಟ್ಟು ಕಲಸುತ್ತಿದ್ದಳು. ಅವನ ಗುಳ್ಳೆ "ನಾನು ಹೆದರೋದು!" ಎಂದು ಕೂಗುತ್ತಿರುವಾಗಲೇ ಕುಡಿದು ಗಲಾಟೆ ಮಾಡಿದವರನ್ನು ಅವನು ರಟ್ಟೆ ಹಿಡಿದು ರಸ್ತೆಗೆ ದಾಟಿಸುತ್ತಿದ್ದ. ವರ್ಷಗಟ್ಟಲೆ ಹೀಗೆ ನಡೆದು, ಈ ಸಲ ಬೇಸಿಗೆಯಲ್ಲಿ ಇಬ್ಬರೂ ಮದುವೆಯಾಗುವುದೆಂದು ಗೊತ್ತಾಯಿತು. ಊರಿಗೆ ಖುಷಿಯೋ ಖುಷಿ. ಆ ಖುಷಿಯ ನಡುವೆ ಒಂದು ಮಧ್ಯಾಹ್ನ ಇಬ್ಬರೂ ನನ್ನ ಅಂಗಡಿಗೆ ಬಂದರು.

"ನಾನು ಮುಖ ಬೇಕೋದು ದಣೀ!" ಎಂದಿತು ಕಾಡಿಗೆಯ ಗುಳ್ಳೆ.

"ನನಗ ದಣಿ ಅನಬ್ಯಾಡ ಅಂತ ಎಷ್ಟ ಸಲ ಹೇಳಲೋ ನಿನಗ?"

ಅವನು ಹಣೆ ಹಣೆ ಬಡಿದುಕೊಂಡ. 'ಕಸ್ತೂರಕ್ಕ' ಎನ್ನಲೆಂದೇ ಅವನು ಹೊರಡುವುದು, ಬಾಯಿಗೆ ಬರುವಷ್ಟರಲ್ಲಿ 'ದಣೀ' ಆಗುತ್ತದೆ ಎಂದು ನನಗೂ ಗೊತ್ತು.

ತಾರಾಬಾಯಿ ಸ್ಟೂಲಿನ ಮೇಲೆ ಕೂತು ಹೇಳಿದಳು. "ಮಾರಿ ಬದ್ಲಿ ಮಾಡ್ಸಬೇಕಂತ ಹಟಾ ಹಿಡದಾನ ನೋಡವಾ. ನಿನ್ನಿ ಮದುವಿ ಫೋಟೋ ತಗಸಾಕ ಪಂಪಣ್ಣನ ಸ್ಟುಡಿಯೋಕ್ಕ ಹೋಗಿದ್ವಿ. ಕ್ಯಾಮರಾದ ಮುಂದ ಕುಂತಾಂವ ಕನ್ನಡಿ ನೋಡಿ ಎದ್ದ ಬಂದ್ಬಿಟ್ಟ. ನಾ ಹೂಂ ಅಂದಿದ್ದು ಈ ಮಾರಿಗೇನೋ ಮಾರಾಯಾ ಅಂದೆ. ಕೇಳವಲ್ಲ."

"ಇವ ನಾನು ಅಲ್ಲೋದು!" ಎಂದು ಕಾಡಿಗೆ ತನ್ನ ಮುಖಕ್ಕೆ ಬೆರಳು ತಿವಿದು ತೋರಿಸಿದ.

"ಹವಾಲ್ದಾರನ ಬಕೀಟ ನೆನಪೈತಿಲ್ಲೋ ನಿನಗ? ಗೆರಿ ಅಳಿಸಿದ್ರ ಹೋಗ್ಬಿಡ್ತೀ. ಮುಂದಿನ ತಿಂಗಳು ಮದುವಿ ಐತಿ, ಇಕಿ ಯಾರ ಕೊರಳಿಗೆ ಮಾಲಿ ಹಾಕ್ಬೇಕು, ಬಕೀಟಿಗೇನು?"

ಹೇಳಿದರೆ ಏನು ಬರುತ್ತದೆಂದು ಅವನಿಗೆ ಗೊತ್ತಿತ್ತು. ಸುಮ್ಮನೆ ನನ್ನ ಬ್ರಷ್ಷುಗಳಲ್ಲಿ ಎಲ್ಲಕ್ಕಿಂತ ಸಣ್ಣದನ್ನು ಆರಿಸಿ ನನ್ನ ಕೈಗೆ ಕೊಟ್ಟು, ಬೆರಳು ಮಡಿಸಿ ಮುಚ್ಚಿದ. ಆ ದೊಡ್ಡ ಬಿಳಿ ಕಣ್ಣುಗಳಲ್ಲಿ ನೀರು ಬರೆಯಲು ಚಿತ್ರಕಾರ ಜಾಗ ಬಿಟ್ಟಿರಲಿಲ್ಲ. ಆದರೂ ನನಗೆ ಕಂಡಿತು.

"ರವಿವಾರ ಬಾ," ಎಂದೆ.

ತಾರಾಬಾಯಿ ಹೊರಗೆ ಹೋಗಿದ್ದವಳು ತಿರುಗಿ ಬಂದು ನನ್ನ ಮೂಗಿನ ಹತ್ತಿರ ಮೂಗು ತಂದಳು. "ಕಸ್ತೂರಿ, ಅಂವಗೇನರ ಆತಂದ್ರ ನಿನ್ನ ಟರ್ಪಂಟೈನ್ ಡಬ್ಬಿಯೊಳಗ ನಿನ್ನ ತಲೀಕೆಳಗ ಮಾಡಿ ಮುಳುಗಸ್ತೀನಿ."

"ಡಬ್ಬಿ ಸಣ್ಣದೈತಿ," ಎಂದೆ.

"ತುರುಕ್ತೀನಿ," ಎಂದಳು.

ರವಿವಾರ ಬರುವಷ್ಟರಲ್ಲಿ ಸುದ್ದಿ ಊರು ತುಂಬಿತ್ತು. ಊರಿಗೆ ಒಂದು ಹೊಸ ಮುಖ ಬರುತ್ತದೆ ಎಂದರೆ ಸಲಹೆ ಕೊಡದೆ ಇರಲು ನಮ್ಮ ಜನಕ್ಕೆ ಸಾಧ್ಯವೇ? ಹಿಟ್ಟಿನ ಗಿರಣಿಯವ ತನ್ನ ಅಪ್ಪನ ಮೂಗು ಇಡಿ ಎಂದ. ಅಂಥ ಮೂಗು ಸುತ್ತ ಹತ್ತೂರಲ್ಲಿ ಇರಲಿಲ್ಲವಂತೆ. ಅವನ ಹೆಂಡತಿ, "ಆ ಮೂಗಿನ ಗೊರಕಿ ಕೇಳಿ ನನ್ನ ಅರ್ಧಾ ಆಯುಷ್ಯ ಹೋತು, ಬ್ಯಾಡ್ರೆವಾ," ಎಂದಳು. ಹಲ್ಲಿಯಣ್ಣ ಬಂದು ಸಂಕೋಚದಿಂದ, "ಹಿ ಹಿ ಹಿ! ಹಲ್ಲು ಮಾತ್ರ ಸಣ್ಣದಿರಲಿ, ಅನುಭವದ ಮಾತು!" ಎಂದ. ಇಷ್ಟಕ್ಕೆ ನಾನು ನಗುತ್ತಲೇ ಇದ್ದೆ. ಆಮೇಲೆ ಸ್ಟುಡಿಯೋದ ಪಂಪಣ್ಣ ಬಂದ. ಕೈಯಲ್ಲಿ ಒಂದು ಪೌಡರ್ ಡಬ್ಬಿ.

"ಕಸ್ತೂರಕ್ಕ, ಗೆರಿ ತಗೀತೀ ಅಂದಮ್ಯಾಲ ಬಣ್ಣಾನೂ ಬದ್ಲಿ ಮಾಡಿಬಿಡು. ಒಂದೀಟ ಗೋಧಿ ಬಣ್ಣ ಹೊಡಿ. ಪಾಪ, ಮದುಮಗ ಆಗಾಂವ, ಬೆಳ್ಳಗ ಕಂಡ್ರ ಚಂದ."

ಜನರಲ್ಲಿ ಒಂದಿಷ್ಟು ತಲೆ ಹೌದೌದು ಎಂದು ಆಡಿದವು. ಇದೇ ಪಂಪಣ್ಣ ನನ್ನ ಮದುವೆಯ ಫೋಟೋವನ್ನು ತಿದ್ದಿ ತಿದ್ದಿ, ಹಡೆದ ತಾಯಿ ಬಂದು "ಮದುಮಗಳು ಯಾರ ಪೈಕಿ?" ಎಂದು ಕೇಳುವಷ್ಟು ಬೆಳ್ಳಗೆ ಮಾಡಿದ್ದ.

"ಏ ಪಂಪ್ಯಾ," ಎಂದೆ. "ಅಂವಾ ಬಣ್ಣದ ಸುದ್ದಿ ಎತ್ತಿದ್ನೇನು? ಬಣ್ಣಕ್ಕೇನ ಧಾಡಿ ಆಗೇತಿ? ನನ್ನ ಮಾರಿ ನೋಡು. ನೋಡಲೇ! ಇದಕ್ಕೇನಾಗೇತಿ ಹೇಳು. ಅಂವನ ಬಣ್ಣ ಅಂವಂದು, ಅವರವ್ವ ಅಪ್ಪಂದು. ಅಂವಗ ಬ್ಯಾಡಾಗಿದ್ದು ಯಾವನೋ ಕಿಡಿಗೇಡಿ ಅದರ ಮ್ಯಾಲ ಗೀಚಿದ ಕುಚೇಷ್ಟಿ. ಆ ಪೌಡರ್ ಡಬ್ಬಿ ತಗೊಂಡು ನಿನ್ನ ಅಂಗಡಿ ಗ್ವಾಡಿಗೆ ಬಳಿ ಹೋಗು."

ಪಂಪಣ್ಣ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಜನರ ಹಿಂದೆ ಸರಿದ. ಕಾಡಿಗೆ ಬಂದು ಸ್ಟೂಲಿನ ಮೇಲೆ ನೆಟ್ಟಗೆ ಕೂತ. ನಾನು ಚಿಂದಿಯನ್ನು ಟರ್ಪಂಟೈನಿನಲ್ಲಿ ಅದ್ದಿದೆ. ಅಷ್ಟರಲ್ಲಿ ಜನರ ಕಾಲಿನ ಸಂದಿಯಿಂದ ನುಗ್ಗಿ ಬಂದು ನನ್ನ ಮುಂದೆ ನಿಂತವನು ಕ್ಯಾಪ್ಟನ್ ಚೂಟಿ.

"ನಿಲ್ಲು! ನನ್ನ ಅಪ್ಪಣೆಯಿಲ್ಲದೆ ಪಟಾಕಿ ಪಡೆಯ ಯಾವನ ಗೆರೆಯೂ ಅಳಿಯಕೂಡದು!"

"ನಿನ್ನ ಅಪ್ಪಣಿ ಯಾರಿಗೆ ಬೇಕಲೇ? ಸರಿ ಆಕಡೆ."

ಅವನು ಸರಿಯಲಿಲ್ಲ. ಸೊಂಟದ ಮೇಲೆ ಕೈಯಿಟ್ಟು, ಎದೆಯುಬ್ಬಿಸಿ ನಿಂತ. ಹಾಗೆ ನಿಲ್ಲುವುದೊಂದೇ ಅವನಿಗೆ ಬರುವುದು. ಆದರೆ ಗುಳ್ಳೆ ಮಾತ್ರ ಎಂದಿಗಿಂತ ಸಣ್ಣದಾಗಿ ಎದ್ದಿತು. "ಇವನು ಹೆದರದಿದ್ದರೆ ನಾನು ಧೀರನೆಂದು ಜನ ತಿಳಿಯುವುದು ಹೇಗೆ!"

ಯಾರೂ ನಗಲಿಲ್ಲ. ಕಾಡಿಗೆ ಕೈ ಚಾಚಿ ಹುಡುಗನ ತೋಳು ಹಿಡಿದು, ಸಾಮಾನು ಸರಿಸುವಷ್ಟೇ ಮೆಲ್ಲಗೆ ಅವನನ್ನು ಪಕ್ಕಕ್ಕೆ ಸರಿಸಿದ. ನನ್ನ ಕಡೆ ನೋಡಿ ತಲೆಯಾಡಿಸಿದ.

ತುಟಿಯಿಂದ ಶುರುಮಾಡುವುದೆಂದು ನಾನು ಲೆಕ್ಕ ಹಾಕಿದ್ದೆ. ತುಟಿಯ ಗೆರೆ ಒರೆಸಬೇಕು, ಕೆಂಪು ಇಳಿಯುವ ಮೊದಲೇ ಹೊಸ ಗೆರೆ ಎಳೆದು ಮುಚ್ಚಬೇಕು, ಆಮೇಲೆ ಮೂಗು, ಆಮೇಲೆ ಒಂದೊಂದೇ ಕಣ್ಣು. ಒಂದು ತೆರೆದಾಗ ಇನ್ನೊಂದು ಮುಚ್ಚಿರಬೇಕು, ಬಾವಿಯ ಒರತೆ ಕಟ್ಟಿದ ಹಾಗೆ. ಆದರೆ ನಾನು ಒಂದನ್ನು ನೋಡಿರಲಿಲ್ಲ. ಆ ಚಿತ್ರಕಾರ ಎಂಥ ಮೈಗಳ್ಳನೆಂದರೆ, ಕಾಡಿಗೆಯ ಕೆಳತುಟಿಗೂ ಗದ್ದಕ್ಕೂ ಸೇರಿಸಿ ಒಂದೇ ಗೆರೆ ಎಳೆದು ಬಿಟ್ಟಿದ್ದ. ಬಿಳಿಯ ಹುಡುಗರಿಗೆ ರೆಪ್ಪೆಯ ಕೂದಲನ್ನೂ ಎಣಿಸಿ ಬರೆದವನಿಗೆ ಇವನಿಗೊಂದು ಬೇರೆ ಗದ್ದ ಬರೆಯುವಷ್ಟು ಪುರಸತ್ತು ಇರಲಿಲ್ಲ. ನಾನು ತುಟಿ ಒರೆಸಿದೆ. ಗದ್ದವೂ ಬಂತು.

ಮುಖದ ತಳವೇ ತೆರೆದುಕೊಂಡಿತು. ಮೊದಲು ಕೆಂಪು, ಅದರ ಹಿಂದೆ ಕಪ್ಪು, ಕುತ್ತಿಗೆಯ ಮೇಲೆ ಧಾರೆ ಇಳಿಯಿತು. ತಾರಾಬಾಯಿ ಕಿರುಚಿದಳು. ಹಲ್ಲಿಯಣ್ಣ ಓಡಿಹೋಗಿ ಓಡಿಬಂದ: "ಹಿ ಹಿ ಹಿ! ಪಂಕ್ಚರ್ ಸಲ್ಯೂಷನ್ ತಂದೆ!" ನಾನು ಬ್ರಷ್ಷು ಎತ್ತಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಅದು ಗಾಳಿಯಲ್ಲೇ ನಿಂತಿತು. ಎಳೆಯಬೇಕು, ಎಳೆಯಬೇಕು, ಆದರೆ ಏನನ್ನು ಎಳೆಯುವುದು? ಗಿರಣಿಯವನ ಅಪ್ಪನ ಮೂಗು, ಅವರಿವರ ಗದ್ದ ಎಲ್ಲ ತಲೆಯಲ್ಲಿ ಗಿರಗಿರ ತಿರುಗಿ ಒಂದೂ ನಿಲ್ಲಲಿಲ್ಲ. ಬಣ್ಣ ಇಳಿಯುತ್ತಲೇ ಇತ್ತು. ಅವನ ಹಣೆ ಆಗಲೇ ಕಾಗದದ ಬಿಳಿ ತಿರುಗುತ್ತಿತ್ತು.

ಆಗ ಅವನ ಗದ್ದದ ಕೆಳಗೆ ಎರಡು ಸಣ್ಣ ಕೈಗಳು ಬಂದವು. ಚೂಟಿ ಎರಡೂ ಅಂಗೈ ಜೋಡಿಸಿ, ಬೊಗಸೆ ಮಾಡಿ, ಇಳಿಯುವ ಬಣ್ಣವನ್ನು ಮೇಲಕ್ಕೆ ಒತ್ತಿ ಹಿಡಿದುಬಿಟ್ಟ. "ಎಳೆ! ಬೇಗ ಎಳೆ! ನಾನು ಹಿಡಿದಿದ್ದೇನೆ!"

ಕಾಡಿಗೆಯ ತಲೆಯ ಮೇಲೆ ಗುಳ್ಳೆ ಎದ್ದಿತು. ಬಾಯಿಯೇ ಇಲ್ಲದವನ ಗುಳ್ಳೆ. ಮೊದಲು ಖಾಲಿ ನಿಂತಿತು. ಆಮೇಲೆ ಒಂದೊಂದೇ ಅಕ್ಷರ ಮೂಡಿತು, ನಮ್ಮೂರಿನ ಮಾತಿನಲ್ಲಿ.

"ಕಸ್ತೂರಕ್ಕ, ಗಾಬರಿ ಆಗಬ್ಯಾಡ. ನಾ ಹೇಳ್ತೀನಿ, ನೀ ಎಳಿ."

"ನಿನ್ನ ಮಾರಿ ಹೆಂಗೈತಿ ಅಂತ ನಿನಗ ಹೆಂಗ ಗೊತ್ತೋ?"

"ಸಣ್ಣ ಚಪ್ಪಲಿ ಹಾಕ್ಕೊಂಡು ಅಡ್ಡಾಡಿದಾಂವಗ ತನ್ನ ಕಾಲಿನ ಅಳತಿ ಗೊತ್ತಿರೂದಿಲ್ಲೇನು? ಗದ್ದ ಅಗಲ ಮಾಡು. ಇನ್ನೀಟ. ಹಾಂ, ಅಲ್ಲಿಗೆ ತಿರಗಸು."

ಎಳೆದೆ. ಬ್ರಷ್ಷು ತಾನಾಗಿಯೇ ಹರಿಯಿತು. ಗದ್ದ ಕೂಡಿತು, ಧಾರೆ ನಿಂತಿತು. ಚೂಟಿ ಮಾತ್ರ ಬೊಗಸೆ ತೆಗೆಯಲಿಲ್ಲ.

"ತುಟಿ ದಪ್ಪ ಇರ್ಲಿ. ದಪ್ಪನ ಅದಾವ ನನ್ನವು. ಆದ್ರ ಒಂದಕ್ಕೊಂದು ಕೂಡಬೇಕು. ನಾ ಬಂದಾಗಿಂದ ಬಾಯಿ ಮುಚ್ಚಿ ಕುಂತಿಲ್ಲವಾ, ತೆಗದಾ ಇಟ್ಟಾರ."

ತುಟಿ ಬಂದವು, ಮುಚ್ಚಿದವು. ಮೂಗು ಬಂತು, ಅಗಲವಾಗಿ, ನೆಮ್ಮದಿಯಾಗಿ. ಕಣ್ಣು ಸಣ್ಣದಾಗುತ್ತ ಸಣ್ಣದಾಗುತ್ತ ಒಂದು ಕಡೆ "ಸಾಕು" ಎಂದ. ರೆಪ್ಪೆ ಬರೆದೆ. ಅವನು ಅದನ್ನು ಮುಚ್ಚಿ ತೆರೆದು ನೋಡಿದ, ಮತ್ತೆ ಮುಚ್ಚಿ ತೆರೆದ, ಆಟದ ಸಾಮಾನು ಸಿಕ್ಕ ಹಾಗೆ. ಹಣೆಗೆ, ಕೆನ್ನೆಗೆ ಚುಕ್ಕಿ ತುಂಬಿದೆ. ಬಣ್ಣ ಅವನದೇ ಕಪ್ಪು. ಆದರೆ ಮಸಿ ಎರಚಿದ ಹಾಗೆ ಇದ್ದದ್ದು ಈಗ ಹೊಳೆಯ ದಂಡೆಯ ಕಲ್ಲಿನ ಹಾಗೆ ಬೆಳಕು ಹಿಡಿಯಿತು.

ನಾನು ಹಿಂದೆ ಸರಿದೆ. ನಲವತ್ತು ದಾಟಿದ ಒಬ್ಬ ಗಂಡಸು ಸ್ಟೂಲಿನ ಮೇಲೆ ಕೂತಿದ್ದ. ಹಣೆಯಲ್ಲಿ ಒಂದು ಗೆರೆ, ಕಣ್ಣಲ್ಲಿ ಸ್ವಲ್ಪ ಕುಚೋದ್ಯ. ತಾರಾಬಾಯಿ ಮುಂದೆ ಬಂದಳು.

"ಮಗ್ಗಲಕ್ಕ ತಿರಗು," ಎಂದಳು. ತಿರುಗಿದ.

"ಆ ಕಡೆ." ತಿರುಗಿದ.

ತಾರಾಬಾಯಿ, ಪೊಲೀಸರ ಮುಂದೆಯೂ ಸೆರಗು ಸರಿಮಾಡದವಳು, ಫಕ್ಕನೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನನ್ನ ಕಿವಿಯ ಹತ್ತಿರ ಬಂದಳು. "ಯಾರ ಬೇ ಇಂವಾ? ಚಲೋ ಅದಾನಲ್ಲ." ಆಮೇಲೆ ಊರಿಗೆಲ್ಲ ಕೇಳುವ ಹಾಗೆ, "ಈ ಮಾರಿಯಾಂವ ನನ್ನ ಇನ್ನೂ ಕೇಳಿಲ್ಲ. ಮದುವಿ ಬೇಕಂದ್ರ ಬಂದು ಮೊದಲಿಂದ ಕೇಳ್ಲಿ!" ಎಂದಳು.

"ಕೇಳ್ತೀನಿ ತಾರಾ," ಎಂದ ಅವನು. ಗುಳ್ಳೆ ಗುಂಡಗೆ, ತುಂಬಿಕೊಂಡು ಎದ್ದಿತು. "ಅದಕ್ಕೂ ಮೊದಲ ಒಂದ ಕೆಲಸ ಐತಿ."

ಎದ್ದು ನಿಂತು ಚೂಟಿಯ ಕಡೆ ತಿರುಗಿದ.

"ಲೇ ಚೂಟಿ. ಮೊಸಳಿ ಹೊಳ್ಯಾಗ ನನ್ನ ಕಂಬಕ್ಕ ಕಟ್ಟಿದಲ್ಲೇ ಬಿಟ್ಟು ಪದಕ ಇಸಗೊಳ್ಳಾಕ ಹೋದೆಲ್ಲ, ನೆನಪೈತಿ? ವೈರಿ ಕೋಟೆಯೊಳಗ ನಿನ್ನ ಹಗ್ಗ ಬಿಚ್ಚಿದಾಂವ ಯಾರು? ನಾನು. ಸುರಂಗದಾಗ ನಿನ್ನ ಹೆಗಲ ಮ್ಯಾಲ ಕುಂದ್ರಿಸ್ಕೊಂಡು ನಡದಾಂವ ಯಾರು? ನಾನು. ಹೆದರಿದಾಂವ ಯಾರಲೇ? ಆ ಕತ್ತಲಾಗ ನೀ ಚಡ್ಡಿ ಒದ್ದಿ ಮಾಡ್ಕೊಂಡಾಗ, ಯಾರಿಗೂ ತಿಳೀಬಾರದಂತ ನೀರಿನ ಪೀಪಾಯಿ ಉರುಳಿಸಿ ಎಲ್ಲಾರನ್ನೂ ತೊಯ್ಸಿದಾಂವ ಯಾರು?"

ಊರೆಲ್ಲ ಗುಳ್ಳೆಗಳನ್ನು ಒಟ್ಟಿಗೆ ಜೋರಾಗಿ ಓದುತ್ತಿತ್ತು, ಒಂದು ಒಡೆಯುವ ಮೊದಲೇ ಇನ್ನೊಂದು. ಪೀಪಾಯಿಯ ಹತ್ತಿರ ಬಂದಾಗ ನಗುವಿನಿಂದ ಓದು ನಿಂತುಹೋಯಿತು. ಫುಟ್‌ಬಾಲ್ ಹುಡುಗರು ನೆಲದ ಮೇಲೆ ಉರುಳಾಡಿದರು. ಹಲ್ಲಿಯಣ್ಣನ ಗುಳ್ಳೆಯಲ್ಲಿ ಅವತ್ತು "ಹಿ ಹಿ ಹಿ" ಬಿಟ್ಟು ಬೇರೇನೂ ಇರಲಿಲ್ಲ. ಚೂಟಿಯ ಕಿವಿಗಳು ಎದ್ದು ಕಾಣುವಷ್ಟು ಕೆಂಪಾದವು. ಆದರೂ ಓಡಲಿಲ್ಲ. ಎದೆಯುಬ್ಬಿಸಲೂ ಇಲ್ಲ. ಹುಡುಗರು ನಿಲ್ಲುವ ಹಾಗೆ, ಒಂದು ಕಾಲಿನ ಮೇಲೆ ಒಂದು ಕಾಲು ಉಜ್ಜುತ್ತ ನಿಂತು ಪೂರ್ತಿ ಕೇಳಿಸಿಕೊಂಡ. ಬೈಗುಳ ಮಿರ್ಚಿಯ ಹಿಟ್ಟು ಹುಳಿಯಾಗುವಷ್ಟು ಹೊತ್ತು ನಡೆಯಿತು.

"ಮುಗೀತೇನು?" ಎಂದಳು ತಾರಾಬಾಯಿ.

"ಇನ್ನೂ ಅದಾವ."

"ಎಲ್ಲಾ ಇಲ್ಲೇ ಮುಗಿಸಿಬಿಡು. ಮನಿಗೆ ತರಬ್ಯಾಡ. ಏನೋ ಕೇಳ್ತೀನಂದಿದ್ದೆಲ್ಲ?"

ಅವನು ಕೇಳಿದ. ಏನು ಕೇಳಿದನೆಂದು ಊರು ಓದಲು ಬಾಯಿ ತೆರೆದಾಗ ನಾನು ಬ್ರಷ್ಷು ಎತ್ತಿ ಹಿಡಿದೆ, ಎಲ್ಲರೂ ಬಾಯಿ ಮುಚ್ಚಿದರು. ತಾರಾಬಾಯಿ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಒಡೆಯುವ ತನಕ ನೋಡುತ್ತ ನಿಂತು, "ಹೂಂ," ಎಂದಳು.

ಜನ ಅವರಿಬ್ಬರನ್ನೂ ಗಾಡಿಯ ಕಡೆ ನೂಕಿಕೊಂಡು ಹೋದರು. ಅಂಗಡಿಯಲ್ಲಿ ನಾನು ಮತ್ತು ಚೂಟಿ ಉಳಿದೆವು. ಅವನ ಎರಡೂ ಅಂಗೈ ಮಣಿಕಟ್ಟಿನವರೆಗೆ ಕಪ್ಪಾಗಿದ್ದವು. ನಾನು ಚಿಂದಿಗೆ ಎಣ್ಣೆ ಹಚ್ಚಿಕೊಂಡು, "ಬಾ ಇಲ್ಲೆ, ಒರಸ್ತೀನಿ," ಎಂದೆ.

ಅವನು ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ.

"ಹೋಗ್ಲಿ ಬಿಡು," ಎಂದೆ. "ಮಿರ್ಚಿ ಖಾಲಿ ಆಗೂಕಿಂತ ಮೊದಲ ಓಡು."